ಪೂರ್ತಿ ಕೀಲಿ

ಅಕ್ಕನ ಗಂಡ ಹೊಸಪೇಟೆಯ ರೈಲು ಶೆಡ್ಡಿನಲ್ಲಿ ಫಿಟ್ಟರ್. ನಾನು ಅವರನ್ನು ಮಾವ ಎನ್ನುತ್ತಿದ್ದೆ. ಹಳೇ ಗಡಿಯಾರದ ಸ್ಪ್ರಿಂಗು, ಬಿಸ್ಕೀಟಿನ ತಗಡು, ನಾನು ಕಂಪ್ಲಿಯಿಂದ ತಂದುಕೊಟ್ಟ ಹಿತ್ತಾಳೆ ಚೂರು ಸೇರಿಸಿ, ಒಂದು ವರ್ಷ ಕೂತು ಅವರು ಗೇಣುದ್ದದ ರೈಲು ಎಂಜಿನ್ ಮಾಡಿದ್ದರು. ಕೀಲಿ ಕೊಟ್ಟರೆ ತುಂಬಿದ ಬಸುರಿಯ ಹಾಗೆ ಮೆಲ್ಲಗೆ ನಡೆಯುತ್ತಿತ್ತು. ನಾನು ಅಕ್ಕಿ ವ್ಯಾಪಾರಕ್ಕೆ ಮದರಾಸಿಗೆ ಹೋದಾಗ ಅದೇ ಅಳತೆಯ ವಿಲಾಯಿತಿ ಎಂಜಿನ್ ಕೊಂಡು ತಂದೆ. ಮೀಸೆ ಬಂದ ಇಬ್ಬರೂ ಆಟಿಕೆ ಹಿಡಿದು ಕೂರುವುದನ್ನು ನೋಡಿ ಅಕ್ಕ ನಗುತ್ತಿದ್ದಳು.

ಸಂಡೂರಿನ ಅದಿರು ಗಾಡಿಯನ್ನು ಏರಿನಲ್ಲಿ ಎರಡು ಎಂಜಿನ್ ಎಳೆಯುವಂತೆ ನಮ್ಮವೂ ಎಳೆಯಬೇಕೆಂದು ಮಾವನಿಗೆ ಆಸೆ. ಒಂದು ಭಾನುವಾರ ಮಧ್ಯಾಹ್ನ ಪಡಸಾಲೆಯಲ್ಲಿ ಹಲಗೆಗಳನ್ನು ಏರಾಗಿ ಜೋಡಿಸಿ, ಮೇಲೆ ಒಂದು ತಿರುವು ಬರುವಂತೆ ತಗಡಿನ ಹಳಿ ಹಾಸಿ, ಪುಟ್ಟ ಗೂಡ್ಸ್ ಡಬ್ಬಿಗಳಿಗೆ ನಿಜವಾದ ಅದಿರಿನ ಪುಡಿ ತುಂಬಿದರು. ಶೆಡ್ಡಿನ ನಾಲ್ಕೈದು ಗೆಳೆಯರು ನೋಡಲು ಬಂದರು.

"ನಂದು ಮುಂದ, ನಿಂದು ಹಿಂದ. ನಿಂದು ಭಾಳ ಜೋರೈತಿ, ಅರ್ಧ ಕೀಲಿ ಕೊಡು. ಎರಡೂ ಒಂದ ನಡಿಗಿ ನಡೀಬೇಕು. ಇಲ್ಲಾಂದ್ರ ಹಿಂದಿಂದು ಮುಂದಿಂದನ್ನ ದಬ್ಬಿ ಕೆಡವತೈತಿ," ಎಂದರು ಮಾವ.

"ಹೂನ್ರಿ ಮಾವ."

ಗೆಳೆಯರು ಮಾವನ ಎಂಜಿನ್ನನ್ನು ಕೈಯಿಂದ ಕೈಗೆ ದಾಟಿಸಿ ಹೊಗಳಿದರು. ನನ್ನದನ್ನು ಒಬ್ಬರೂ ಎತ್ತಿ ನೋಡಲಿಲ್ಲ. ನನಗೆ ಹೊಟ್ಟೆ ಉರಿಯಿತು. ಬೆನ್ನು ತಿರುಗಿಸಿ ಪೂರ್ತಿ ಕೀಲಿ ಕೊಟ್ಟೆ.

ತಿರುವಿನಲ್ಲಿ ನನ್ನದು ದಬ್ಬಿತು. ಮಾವನ ಎಂಜಿನ್ ಹಳಿ ಬಿಟ್ಟು, ಹಲಗೆಯಿಂದ ಹಾಸುಗಲ್ಲಿಗೆ ಬಿತ್ತು. ಗಾಲಿಯ ಅಚ್ಚು ಮುರಿದು ಸ್ಪ್ರಿಂಗು ಹೊರಬಂತು.

ಮಾವ ಚೂರುಗಳನ್ನು ಪಂಚೆಯ ಮಡಿಲಿಗೆ ಹಾಕಿಕೊಂಡರು. "ನಂದ ತಪ್ಪು. ಅಚ್ಚು ಸೊಟ್ಟ ಕುಂತಿತ್ತು ಕಾಣ್ತದ. ನಿಂದಕ್ಕೇನೂ ಆಗಿಲ್ಲಲ್ಲ?"

"ಇಲ್ರಿ," ಎಂದೆ.

ಆಮೇಲೆ ಅವರು ಅರ ಮುಟ್ಟಲಿಲ್ಲ, ತಗಡು ಕತ್ತರಿಸಲಿಲ್ಲ. "ಶೆಡ್ಡಿನಿಂದ ಬಂದು ಗ್ವಾಡಿ ನೋಡ್ಕೋತ ಕುಂದ್ರತಾರಪಾ," ಎಂದು ಅಕ್ಕ ಹೇಳಿದಾಗಲೂ ನಾನು ಕೀಲಿಯ ಮಾತು ಎತ್ತಲಿಲ್ಲ. ಬದಲಿಗೆ ಮದರಾಸಿನಿಂದ ಇನ್ನೊಂದು ಎಂಜಿನ್ ತಂದುಕೊಟ್ಟೆ. ಮಾವ ಅದನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ.

ಏಳೆಂಟು ವರ್ಷದ ಮೇಲೆ ಅವರಿಗೆ ಗುಂತಕಲ್ಲಿಗೆ ವರ್ಗವಾಯಿತು. ಸಾಮಾನು ಕಟ್ಟುತ್ತಿದ್ದಾಗ ತಡೆಯಲಾಗದೆ ಹೇಳಿಬಿಟ್ಟೆ.

ಮಾವನ ಕೈ ನಿಂತಿತು. "ಪೂರ್ತಿ ಕೊಟ್ಟಿದ್ಯಾ?"

"ಹೂನ್ರಿ."

ಬಯ್ಯುತ್ತಾರೆಂದು ಕಾದೆ. ಅವರು ತಮ್ಮ ಅಂಗೈಯನ್ನೇ ನೋಡಿಕೊಂಡರು.

"ನನ್ನ ಕೈನ ಕೆಟ್ಟೈತಿ ಅನ್ಕೊಂಡಿದ್ದೆ. ಅವತ್ತ ಹೇಳಿದ್ರ ಇನ್ನೊಂದು ಮಾಡ್ತಿದ್ನಲ್ಲೋ. ಈಗ ಕಣ್ಣು ಮಂಜಾಗ್ಯಾವ."

ಆಮೇಲೆ ಹಗ್ಗದ ಆಚೆ ತುದಿ ಹಿಡಿ ಎಂದರು. ಹಿಡಿದೆ.