ಬೆನ್ನ ಹಿಂದಿನ ಗಡಿಯಾರ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಗೋಡೆ ಗಡಿಯಾರವನ್ನು. ಗಂಟೆ ಎಷ್ಟಾಯಿತೆಂದು ತಿಳಿಯಲಿಕ್ಕಲ್ಲ, ಅದನ್ನು ಯಾವ ಗೋಡೆಗೆ ತೂಗುಹಾಕಿದ್ದಾರೆಂದು ನೋಡಲಿಕ್ಕೆ. ದೇವರ ಕೋಣೆಯ ಪಕ್ಕದಲ್ಲಿದ್ದರೆ ಆ ಮನೆಯವರ ಶ್ರದ್ಧೆ ರಾಹುಕಾಲದ ಮೇಲೆ, ಅಡುಗೆಮನೆಯ ಬಾಗಿಲ ಮೇಲಿದ್ದರೆ ಕುಕ್ಕರಿನ ಮೇಲೆ, ಟಿ.ವಿ.ಯ ನೆತ್ತಿಯ ಮೇಲಿದ್ದರೆ ಧಾರಾವಾಹಿಯ ಮೇಲೆ ಎಂಬ ಶಾಸ್ತ್ರವೊಂದನ್ನು ನಾನೇ ರಚಿಸಿಕೊಂಡಿದ್ದೇನೆ. ಅದಕ್ಕೆ ಆಧಾರವೇನೆಂದು ಮಾತ್ರ ಕೇಳಬೇಡಿ. ನಾನು ಸಂಬಳ ಪಡೆದು ಬೋಧಿಸಿದ ಎಷ್ಟೋ ಸಿದ್ಧಾಂತಗಳ ಆಧಾರವೂ ಇದಕ್ಕಿಂತ ಗಟ್ಟಿಯದೇನಲ್ಲ. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಗಡಿಯಾರ ಇದ್ದದ್ದು ಬಂದವರು ಕೂರುವ ಸೋಫಾದ ಹಿಂದಿನ ಗೋಡೆಯಲ್ಲಿ. ಅವರಿಗೆ ಅದು ಕಾಣುತ್ತಿರಲಿಲ್ಲ, ಎದುರಿಗೆ ಕೂತ ನನಗೆ ಕಾಣುತ್ತಿತ್ತು.

ಇದು ಕಸುಬಿನಿಂದ ಅಂಟಿದ ಚಾಳಿ. ನಾನು ಕ್ಲಿನಿಕಲ್ ಸೈಕಾಲಜಿಯ ಅಧ್ಯಾಪಕಿ, ಆಸ್ಪತ್ರೆಯ ಕೋಣೆಯೊಂದರಲ್ಲಿ ಮನಸ್ಸು ನೊಂದವರ ಮಾತು ಕೇಳುವವಳು. ನೆಂಟರಿಷ್ಟರ ಬಾಯಲ್ಲಿ 'ಹುಚ್ಚರ ಡಾಕ್ಟ್ರು'. ಮದುವೆಮನೆಗಳಲ್ಲಿ ನನ್ನ ಪಕ್ಕದ ಎಲೆಗೆ ಕೂರಲು ಜನ ಹಿಂದೆಮುಂದೆ ನೋಡುತ್ತಾರೆ, ಹೋಳಿಗೆ ತಿನ್ನುತ್ತಲೇ ಅವರ ಅಂತರಂಗವನ್ನೆಲ್ಲ ಓದಿಬಿಡುತ್ತೇನೆಂಬ ಭಯದಿಂದ. ನನಗೆ ಓದಲು ಬರುತ್ತಿದ್ದದ್ದು ವಿದ್ಯಾರ್ಥಿಗಳ ಪ್ರಬಂಧಗಳು ಮಾತ್ರ ಎಂಬ ಸತ್ಯವನ್ನು ನಾನೂ ಅಭಿಮಾನದಿಂದ ಮುಚ್ಚಿಟ್ಟುಕೊಂಡಿದ್ದೆ.

ಪ್ರತಿವರ್ಷ ಹೊಸ ವಿದ್ಯಾರ್ಥಿಗಳಿಗೆ ನನ್ನ ಮೊದಲ ಪಾಠ ಗಡಿಯಾರದ್ದೇ. ಎದುರಿಗೆ ಕೂತವರು ಕಣ್ಣೀರಿಡುತ್ತಿರುವಾಗ ನೀವು ಕೈಗಡಿಯಾರ ನೋಡಿಕೊಂಡರೆ ಅದಕ್ಕಿಂತ ದೊಡ್ಡ ಅಪಚಾರವಿಲ್ಲ. ಹಾಗೆಂದು ಒಬ್ಬೊಬ್ಬರಿಗೆ ಗೊತ್ತುಮಾಡಿದ ಐವತ್ತು ನಿಮಿಷಕ್ಕೆ ಮುಗಿಸದೆ ಇರುವಂತೆಯೂ ಇಲ್ಲ, ಹೊರಗೆ ಇನ್ನೊಬ್ಬರು ತಮ್ಮ ದುಃಖ ಹಿಡಿದುಕೊಂಡು ಕಾದಿರುತ್ತಾರೆ. ಆದ್ದರಿಂದ ಗಡಿಯಾರವನ್ನು ಅವರ ಬೆನ್ನ ಹಿಂದೆ ಹಾಕಿ. ಎರಡನೆಯ ಪಾಠ: ನಿಜವಾದ ಮಾತು ಬರುವುದು ಐವತ್ತು ನಿಮಿಷದೊಳಗಲ್ಲ, ಎದ್ದು ಹೊರಟು ಬಾಗಿಲ ಬಳಿ ನಿಂತಾಗ, ಅದಕ್ಕೆ ಕಿವಿ ತೆರೆದಿಟ್ಟಿರಿ. ಮೂರನೆಯದು: ಕೇಳಿದ್ದು ಆ ಕೋಣೆಯಿಂದಾಚೆ ದಾಟಕೂಡದು, ಸ್ವಂತ ತಾಯಿ ಬಂದು ಕೇಳಿದರೂ. ನನ್ನ ಸಂಶೋಧನೆಯ ವಿಷಯವೂ ಆಲಿಸುವುದೇ. ಯಾರು ಎಷ್ಟು ಚೆನ್ನಾಗಿ ಆಲಿಸುತ್ತಾರೆಂದು ಅಳೆಯುವ ಪ್ರಶ್ನಾವಳಿಯೊಂದನ್ನು ವರ್ಷಗಟ್ಟಲೆ ತಿದ್ದಿತೀಡಿ, ಅದರ ಬಲದಿಂದಲೇ ಪ್ರೊಫೆಸರಾದೆ.

ಅಕ್ಕ ಓದಿದ್ದು ಏಳನೆಯ ಕ್ಲಾಸು. ಅಮ್ಮ ಹೋದಾಗ ನನಗೆ ಆರು ವರ್ಷ, ಅವಳಿಗೆ ಹದಿನಾರು. ನನ್ನ ತಲೆ ಬಾಚಿ, ಜಡೆ ಹೆಣೆದು, ಶಾಲೆಯಲ್ಲಿ ಆದದ್ದನ್ನೆಲ್ಲ ಕೇಳಿಸಿಕೊಂಡು ಬೆಳೆಸಿದವಳು ಅವಳೇ. ಅವಳು ಕೇಳಿಸಿಕೊಳ್ಳುವಾಗ ಯಾವ ಗೋಡೆಯಲ್ಲೂ ಗಡಿಯಾರವಿರಲಿಲ್ಲ. ಗಿರಣಿಯಲ್ಲಿದ್ದ ಭಾವ ತೀರಿಕೊಂಡ ಮೇಲೆ ಬಿನ್ನಿಪೇಟೆಯ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದು, ಭಾನುವಾರ ನಾಲ್ಕು ಗಂಟೆಗೆ ಸರಿಯಾಗಿ, ಬಸ್ಸಿನಲ್ಲಿ, ಸಾರಿನ ಪುಡಿಯನ್ನೋ ಚಕ್ಕುಲಿಯನ್ನೋ ಡಬ್ಬಿಯಲ್ಲಿ ತುಂಬಿಕೊಂಡು ಬರುತ್ತಿದ್ದಳು. ನಾನು ಎದುರಿಗೆ ಕೂತು, ತಲೆಯನ್ನು ಶಾಸ್ತ್ರೋಕ್ತವಾಗಿ ಓರೆ ಮಾಡಿ, "ಹೂಂ", "ಹಾಗನ್ನಿಸ್ತಾ ನಿಂಗೆ?" ಎನ್ನುತ್ತಿದ್ದೆ.

ಭಾವನ ವರ್ಷಾಬ್ದಿಕ ಕಳೆದ ನಂತರದ ಒಂದು ಭಾನುವಾರ ಅಕ್ಕ ಮಾತೇ ಆಡಲಿಲ್ಲ. ಸೆರಗಿನ ತುದಿಯನ್ನು ನೆರಿಗೆ ಹಿಡಿಯುವುದು, ಬಿಡುವುದು. ಮೌನಕ್ಕೆ ಅವಕಾಶ ಕೊಡಬೇಕೆಂಬುದೂ ನಮ್ಮ ಪಾಠದಲ್ಲಿದೆಯಾದ್ದರಿಂದ ಕೊಟ್ಟೆ. ಕೊನೆಗೆ ಅವಳು "ರಾತ್ರಿ ಹೊತ್ತು ನಂಗೆ ಕಣೇ..." ಎಂದು ಶುರುಮಾಡಿ ನಿಲ್ಲಿಸಿದಳು. ನನ್ನ ಕಣ್ಣು ಅವಳ ಹೆಗಲ ಮೇಲಿಂದ ಗೋಡೆಗೆ ಹೋಯಿತು. ಐದಕ್ಕೆ ಹತ್ತು ನಿಮಿಷ. ಒಳಗೆ ತಿದ್ದಬೇಕಾದ ಪ್ರಬಂಧಗಳಿದ್ದವು. ಆಗ ನನ್ನ ಬಾಯಿ, ನನ್ನ ಅಪ್ಪಣೆಯನ್ನೂ ಕೇಳದೆ, ಆಸ್ಪತ್ರೆಯ ಕೋಣೆಯ ಅದೇ ನಯವಾದ ದನಿಯಲ್ಲಿ ಹೇಳಿತು:

"ಇವತ್ತಿಗೆ ಇಲ್ಲಿಗೆ ನಿಲ್ಲಿಸೋಣ. ಮುಂದಿನ ವಾರ ಇಲ್ಲಿಂದಲೇ ಮುಂದುವರಿಸೋಣ."

ಅಕ್ಕ ನನ್ನನ್ನು ನೋಡಿದಳು. ಆಮೇಲೆ ಕತ್ತು ತಿರುಗಿಸಿ, ನಾನು ಏನನ್ನು ನೋಡುತ್ತಿದ್ದೆನೋ ಅದನ್ನು ನೋಡಿದಳು. "ಓ" ಎಂದಳು, ಅಷ್ಟೇ. ಹೊಸ್ತಿಲಾಚೆ ಚಪ್ಪಲಿ ಮೆಟ್ಟುತ್ತಾ, "ಏನೋ ಹೇಳ್ಬೇಕು ಅಂತಿದ್ದೆ ಕಣೇ. ಇರ್ಲಿ ಬಿಡು, ನಿಂಗೂ ಕೆಲ್ಸ ಇರತ್ತೆ" ಎಂದಳು. ಬಾಗಿಲ ಬಳಿಯ ಮಾತಿಗೆ ಕಿವಿಗೊಡಿರೆಂದು ಊರಿಗೆಲ್ಲ ಬೋಧಿಸಿದವಳು ನಾನು. "ಹುಷಾರಾಗಿ ಹೋಗಕ್ಕಾ" ಎಂದು ಬಾಗಿಲು ಹಾಕಿಕೊಂಡೆ.

ಆಮೇಲೂ ಅಕ್ಕ ಬಂದಳು, ಭಾನುವಾರ ತಪ್ಪಿಸಲಿಲ್ಲ. ಆದರೆ ಮಾತೆಲ್ಲ ಅವರೆಕಾಯಿಯ ಸೊಗಡು, ಬೀದಿ ನಲ್ಲಿ, ಪಕ್ಕದ ಮನೆಯ ಬಾಣಂತನ. ರವಿಕೆ ಅವಳ ತೋಳಿನಲ್ಲಿ ಸಡಿಲವಾಗುತ್ತಿದ್ದುದನ್ನು ಕಂಡೆ, ವಯಸ್ಸಾಯಿತಲ್ಲ ಎಂದುಕೊಂಡೆ. ಅಪರಿಚಿತರಲ್ಲಿ ಇದೇ ಚಿಹ್ನೆ ಕಂಡಿದ್ದರೆ ಪುಟ ತುಂಬ ಬರೆಯುತ್ತಿದ್ದೆ.

ಮೆಟ್ರೋಗೆಂದು ವಿಜಯನಗರದ ರಸ್ತೆಯನ್ನು ಅಗೆಯತೊಡಗಿದ್ದ ದಿನಗಳು. ನನ್ನ ಹಳೆಯ ವಿದ್ಯಾರ್ಥಿನಿ, ನಮ್ಮ ಮನೆಯಲ್ಲಿ ಅಕ್ಕನ ಚಕ್ಕುಲಿ ತಿಂದು ಅವಳಿಗೂ ಪರಿಚಯವಾಗಿದ್ದ ಸುಜಾತ, ಅಲ್ಲಿ ಮನೆಯೊಂದರ ಮುಂಭಾಗವನ್ನು ಬಾಡಿಗೆಗೆ ಹಿಡಿದು ಪುಟ್ಟ ಕ್ಲಿನಿಕ್ಕು ಇಟ್ಟಿದ್ದಳು. ಅವಳಿಗೊಂದು ಪುಸ್ತಕ ಹಿಂದಿರುಗಿಸಲು ಹೋದರೆ ಬಾಗಿಲು ಹಾಕಿತ್ತು. ಮೆಟ್ಟಿಲ ಮೇಲೆ ಒಂದು ಜೊತೆ ಚಪ್ಪಲಿ. ಎಡಗಾಲಿನದಕ್ಕೆ ಹಸಿರು ದಾರದ ಹೊಲಿಗೆ. ಚಮ್ಮಾರನ ಹತ್ತಿರ ಹೋಗದೆ ಅಕ್ಕ ತಾನೇ ಹೊಲಿದುಕೊಳ್ಳುವ ಆ ಹೊಲಿಗೆಯನ್ನು ನಾನು ಎಲ್ಲಿ ಕಂಡರೂ ಗುರುತಿಸಬಲ್ಲೆ. ಒಳಗಿನಿಂದ ಅಕ್ಕನ ದನಿ ಬರುತ್ತಿತ್ತು. ಪದಗಳು ತಿಳಿಯುತ್ತಿರಲಿಲ್ಲ, ಆದರೆ ಮಾತು ನಿಲ್ಲುತ್ತಿರಲಿಲ್ಲ. ನಡುವೆ ಅಳು, ಮತ್ತೆ ಮಾತು. ನನ್ನ ಸೋಫಾದ ಮೇಲೆ ಅವಳು ಒಮ್ಮೆಯೂ ಅತ್ತವಳಲ್ಲ. ನನಗೆ ನಾಚಿಕೆಯಾಯಿತು, ಅದಕ್ಕೂ ಮೊದಲು, ಒಪ್ಪಿಕೊಂಡುಬಿಡುತ್ತೇನೆ, ಹೊಟ್ಟೆಕಿಚ್ಚಾಯಿತು. ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಧೂಳಿನಲ್ಲಿ ಹಿಂದಿರುಗಿದೆ.

ಎರಡು ದಿನ ತಡೆದುಕೊಂಡು ಸುಜಾತಳಿಗೆ ಫೋನು ಮಾಡಿದೆ. ಅಕ್ಕ ಹೇಗಿದ್ದಾಳೆ, ಇಷ್ಟು ಮಾತ್ರ ಹೇಳು ಎಂದೆ.

"ಮೇಡಂ, ನನ್ ಹತ್ರ ಯಾರ್ ಬರ್ತಾರೆ, ಯಾರ್ ಬರಲ್ಲ, ನಾನು ಹೇಳೋ ಹಾಗಿಲ್ಲ. ನೀವೇ ಅಲ್ವಾ ಹೇಳ್ಕೊಟ್ಟಿದ್ದು?"

ಇಷ್ಟು ವರ್ಷಗಳ ಅಧ್ಯಾಪನದಲ್ಲಿ ಒಬ್ಬ ವಿದ್ಯಾರ್ಥಿನಿಯಾದರೂ ನನ್ನ ಪಾಠವನ್ನು ಚಾಚೂ ತಪ್ಪದೆ ಕಲಿತಿದ್ದಳು. ಅವಳಿಗೆ ಪೂರ್ತಿ ಅಂಕ ಕೊಟ್ಟು ಫೋನಿಟ್ಟೆ.

ಮುಂದಿನ ಭಾನುವಾರ ಮೂರೂವರೆಗೆ ಕುರ್ಚಿ ಹತ್ತಿ ಗಡಿಯಾರವನ್ನು ಕೆಳಗಿಳಿಸಿ ಬೀರುವಿನಲ್ಲಿಟ್ಟೆ. ಗೋಡೆಯಲ್ಲಿ ಸುಣ್ಣ ಮಾಸದ ದುಂಡನೆಯ ಗುರುತು, ನಡುವೆ ಒಂದು ಮೊಳೆ ಉಳಿಯಿತು. ನಾಲ್ಕಕ್ಕೆ ಅಕ್ಕ ಬಂದಳು. ಈ ಸಲ ನಾನು ಎದುರಿಗಲ್ಲ, ಸೋಫಾದಲ್ಲಿ ಅವಳ ಪಕ್ಕದಲ್ಲೇ ಕೂತೆ. ಅವಳು ಕೂರುವ ಮೊದಲೇ ತಿರುಗಿ ಗೋಡೆ ನೋಡಿದ್ದಳು.

"ಗಡಿಯಾರ ಎಲ್ಲೇ?"

"ತೆಗೆದುಬಿಟ್ಟೆ ಅಕ್ಕ. ಬೇಡ ಅದು."

"ಅಯ್ಯೋ, ನಂಗೋಸ್ಕರ ಯಾಕೆ ತೆಗ್ದೆ? ಪರವಾಗಿಲ್ಲ ಬಿಡು, ನಾನೇ ಕಟ್ಕೊಂಡು ಬಂದಿದೀನಿ" ಎಂದು ಸೆರಗು ಸರಿಸಿ ಕೈ ತೋರಿಸಿದಳು. ಭಾವನ ಹಳೆಯ ವಾಚು, ಬಡಕಲು ಮಣಿಕಟ್ಟಿನಲ್ಲಿ ಬಳೆಯಂತೆ ಜಾರುತ್ತಿತ್ತು. ನನ್ನ ಕೈ ಹಿಡಿದುಕೊಂಡು ಅವರೆಕಾಯಿಯ ಸುದ್ದಿ ಹೇಳಿದಳು, ನಲ್ಲಿಯ ಸುದ್ದಿ ಹೇಳಿದಳು. ಐದಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ವಾಚನ್ನೊಮ್ಮೆ ನೋಡಿಕೊಂಡು, ನಾನು ಬೇಡಬೇಡವೆಂದರೂ ಎದ್ದು ನಿಂತು, ಖಾಲಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು.