ತಂತಿ ಹಿಡಿದು ಜಗ್ಗುವ ಕೈ

ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಸುಮಂಗಲಾಳಿಗೆ ತಲೆ ಕೆಟ್ಟಿದೆ ಎಂದು ಓಣಿಯ ಮಂದಿ ಆಡಿಕೊಳ್ಳುತ್ತಾರೆ. ಮಂದಿಗೇನು, ಎಲುಬಿಲ್ಲದ ನಾಲಿಗೆ. ಆಕೆ ಮಶೀನಿನ ಜೊತೆ ಮಾತಾಡುತ್ತಿದ್ದಳು, ಅಷ್ಟೇ.

ಗಂಡ ಗುರುನಾಥ ಹೋದ ವರ್ಷ ಇಂಡಿ ರಸ್ತೆಯ ಏರಿನಲ್ಲಿ ಸತ್ತ. ಮುಂದಿದ್ದ ಕಬ್ಬಿನ ಟ್ರಾಲಿಯ ಕೊಂಡಿ ಕಳಚಿ, ಟ್ರಾಲಿ ಹಿಂದೆ ಸರಿದು ಆತನ ಬೈಕಿನ ಮೇಲೆ ಬಂತು. ಯಾರೋ ಎಲ್ಲಿಯೋ ಹಾಕಿದ ಹುಸಿ ಬೆಸುಗೆ. ಹಾಕಿದವನ ಕೈ ಸೇದಿಹೋಗಲಿ.

ಸುಮಂಗಲಾಳಿಗೆ ಕೆಲಸ ಕಲಿಸಿದವನು ಆತನೇ. ಅವಸರ ಮಾಡಿದರೆ ಹಿಂದಿನಿಂದ ಕೈ ಹಿಡಿದು "ಸಾವಕಾಶ" ಎನ್ನುತ್ತಿದ್ದ. ಆತ ಹೋದಮೇಲೂ ಆಕೆ ಅಂಗಡಿ ನಡೆಸಿದಳು, ಅಮಾವಾಸ್ಯೆಯ ಮಶೀನ್ ಪೂಜೆಯನ್ನೂ ಬಿಡಲಿಲ್ಲ. ಆತ ಮಶೀನಿನ ಹೊರಮೈಗೆ ವಿಭೂತಿ ಹಚ್ಚಿ ಕಾಯಿ ಒಡೆದು ಕೈ ತೊಳೆಯುತ್ತಿದ್ದ. ಈಕೆಗೆ ಅಷ್ಟಕ್ಕೆ ಸಮಾಧಾನವಿಲ್ಲ. ಆತನ ಬೆರಳು ಸದಾ ಆಡುತ್ತಿದ್ದದ್ದು ಒಳಗಿನ ಬೆಸುಗೆ ತಂತಿಯ ಉಂಡೆಯ ಮೇಲೆ ಎಂದು, ಮಶೀನಿನ ಬಾಗಿಲು ತೆರೆದು ಅಲ್ಲಿಗೇ ಮುಷ್ಟಿಗಟ್ಟಲೆ ಅರಿಶಿನದ ಭಂಡಾರ ತೂರಿದಳು. ದೇವರಿಗೇ ಸಾಕೆನಿಸುವಷ್ಟು ಭಕ್ತಿ.

ಅಲ್ಲಿಂದ ಕಾಟ ಶುರುವಾಯಿತು. ಬೆಸುಗೆ ಹಾಕುವ ಗನ್ನಿನ ಗುಂಡಿ ಒತ್ತಿದರೆ ತಂತಿ ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ನಿಂತಾಗಲೆಲ್ಲ ಹಿಡಿಕೆಯಲ್ಲಿ ಸಣ್ಣ ಜಗ್ಗು, ಗಂಡ ಹಿಂದಿನಿಂದ ಕೈ ಹಿಡಿದ ಹಾಗೆ. ಮೊದಲು ಹೆದರಿದಳು. ಆಮೇಲೆ ಆ ಜಗ್ಗಿಗಾಗಿ ಕಾಯತೊಡಗಿದಳು.

"ಇರ್ಲಿ ಬಿಡ್ರಿ, ಸಾವಕಾಶ ಮಾಡ್ತೇನಿ," ಎಂದು ಮುಖವಾಡದೊಳಗೆ ನಗುತ್ತಿದ್ದಳು.

ಕಿಟಕಿ, ಗೇಟು ಹೇಗೋ ನಡೆದವು. ಹೂವಿನ ಹಿಪ್ಪರಗಿಯಿಂದ ಕಬ್ಬಿನ ಟ್ರಾಲಿಯ ಕೊಂಡಿ ಬಂದಾಗ ಮಾತ್ರ ಮೊದಲು ಬೇರೆ ಚೂರಿನ ಮೇಲೆ ಹಾಕಿ ನೋಡಿದಳು. ಬೆಸುಗೆಯ ತುಂಬ ತೂತು. ಗನ್ನಿನ ತುದಿಯ ನಳಿಕೆ ಬದಲಿಸಿದಳು. ತಂತಿ ನೂಕುವ ರೋಲರ್ ಬಿಗಿ ಮಾಡಿದಳು. ತಂತಿ ಒಳಗೇ ಸುತ್ತಿಕೊಂಡು ಗುಬ್ಬಿಗೂಡಾಯಿತು.

ಕಡೆಗೆ ಮೆಕ್ಯಾನಿಕ್ ನಿಜಾಮುದ್ದೀನನನ್ನು ಕರೆಸಿದಳು. ಆತ ಕೇಬಲ್ಲು ಬಿಚ್ಚಿ, ತಂತಿ ಹಾಯುವ ಕೊಳವೆಗೆ ಗಾಳಿ ಊದಿದ. ಹಳದಿ ಹಿಟ್ಟು ಬುಸ್ಸೆಂದು ನೆಲಕ್ಕೆ ಬಿತ್ತು.

"ಭಂಡಾರ ಒಳಗ ಹೊಕ್ಕೈತ್ರಿ ಅಕ್ಕಾರ. ತಂತಿ ಎಳಕೊಂಡು ಹೋಗಿ ಕೊಳವಿ ತುಂಬೈತಿ. ಅದಕ್ಕ ಹಿಡದು ಜಗ್ಗತಿತ್ತು."

ಓಣಿಯ ಮಾತು ಆತನ ಕಿವಿಗೂ ಬಿದ್ದಿತ್ತೇನೋ, ದನಿ ಇಳಿಸಿದ.

"ನಿಮಗ ಬೇಕಂದ್ರ ಹಾಕ್ಕೋತ ಇರ್ರಿ. ನಾ ಆಗಾಗ ಬಂದು ಊದಿ ಕೊಡ್ತೇನಿ."

ಸುಮಂಗಲಾ ಆ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿದಳು. ಹಾಕಿದರೆ ಗಂಡ ಬರುತ್ತಾನೆ. ಆತ ಬಂದರೆ ಬೆಸುಗೆ ಹುಸಿಯಾಗುತ್ತದೆ.

"ಬ್ಯಾಡ್ರಿ," ಎಂದಳು. "ಈ ಟ್ರಾಲಿ ಹಿಂದನೂ ಯಾರಾರೆ ಗಾಡಿ ಮ್ಯಾಲ ಬರ್ತಿರ್ತಾರ."

ನಿಜಾಮುದ್ದೀನ ಎಲ್ಲ ಜೋಡಿಸಿಕೊಟ್ಟ ಮೇಲೆ ಮುಖವಾಡ ಇಳಿಸಿ ಗುಂಡಿ ಒತ್ತಿದಳು. ತಂತಿ ಎಲ್ಲಿಯೂ ತಡೆಯದೆ ಹರಿಯಿತು. ಕೊಂಡಿಯ ಈ ಅಂಚಿನಿಂದ ಆ ಅಂಚಿನವರೆಗೆ ಬೆಸುಗೆ ಗಟ್ಟಿಯಾಗಿ ಕೂತಿತು. ಹಿಡಿಕೆ ಒಮ್ಮೆಯೂ ಅಲುಗಲಿಲ್ಲ. ಮುಖವಾಡ ತೆಗೆದಾಗ ಆಕೆ ಅಳುತ್ತಿದ್ದಳು.

"ನಮ್ಮ ಮನಿಯವ್ರು ಈಗ ಹೋದ್ರು ನೋಡ್ರಿ," ಎಂದಳು.