ಕ್ಯಾಶ್ ಕೊಟ್ರ ಎಷ್ಟು ಬಿಡ್ತೀರಿ?

ನನ್ನ ಇನ್‌ಕಂ ಟ್ಯಾಕ್ಸ್ ರಿಫಂಡಿನಲ್ಲಿ ಹತ್ತು ಸಾವಿರದ ನಾಲ್ಕುನೂರು ರೂಪಾಯಿ ಕಡಿಮೆ ಬಂತು. ಕಾರಣ ಇಷ್ಟೇ: ಅವ್ವನ ದವಾಖಾನೆಯ ಖರ್ಚನ್ನೆಲ್ಲ ನಾನು ನಗದು ಕೊಟ್ಟಿದ್ದೆ. ನಗದು ತೋರಿಸಿ, ಚೌಕಾಸಿ ಮಾಡಿ ಉಳಿಸಿದ್ದು ಒಟ್ಟು ಎರಡು ಸಾವಿರದ ಆರುನೂರು.

ಭಾಲ್ಕಿಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಬೇರೆಯವರ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತ ಕಲಿತವನು ನಾನು. ಹೇಳಿದ ದರ ಕೊಟ್ಟು ಸೂಜಿಯನ್ನೂ ಕೊಂಡವನಲ್ಲ. ಬೀದರ ಹತ್ತಿರದ ಕೊಳಾರದ ಕಾರ್ಖಾನೆಗಳ ಕೆಲಸವೂ ಬರುತ್ತದೆ. ಅವರು ಹಿಡಿದುಕೊಂಡ ತೆರಿಗೆ, ನಾನು ಮುಂಗಡ ಕಟ್ಟಿದ್ದು ಎಲ್ಲ ಸೇರಿ ಈ ಸಲ ಇಪ್ಪತ್ತೊಂದು ಸಾವಿರ ವಾಪಸು ಬರಬೇಕೆಂದು ನಾನೇ ಲೆಕ್ಕ ಹಾಕಿದ್ದೆ. ಅರ್ಧವೇ ಬಂದಾಗ, ರಿಟರ್ನ್ ತುಂಬಿಕೊಡುವ ಬೀದರಿನ ಸಾಹೇಬರ ಮೇಲೆ ಜಗಳಕ್ಕೇ ಹೋದೆ.

“ಅಮ್ಮಾಜಿ ಖರ್ಚು ನಿಮ್ಮ ಬ್ಯಾಂಕಿನ್ಯಾಗ ಎಲ್ಲೂ ಕಾಣಲ್ರಿ ಸೇಠ್. ಅದಕ್ಕ ಹಾಕಿಲ್ಲ,” ಅಂದರು.

“ಬಿಲ್ ಅವಲ್ರಿ! ಚೀಲ ತುಂಬ ತಂದೀನಿ.”

“ಬಿಲ್ ಇದ್ರ ಸಾಲಲ್ರಿ. ಚೆಕ್, ಕಾರ್ಡು, ಇಲ್ಲಾ ಫೋನಿನಿಂದ ಕೊಟ್ಟಿರಬೇಕು. ಅಂಗಡ್ಯಾಗ ಸ್ಕ್ಯಾನ್ ಮಾಡೋ ಹಲಗಿ ಇಟ್ಟು ಗಿರಾಕಿ ಕಡಿಂದ ತಗೋತೀರಿ. ಕೊಡೋ ಹೊತ್ತಿಗೆ ಮಾತ್ರ ನೋಟು ತೆಗೀತೀರಿ!”

ನಕ್ಕೆ. ಮತ್ತೇನು ಮಾಡಲಿ?

“ಒಂದೆರಡಾದ್ರೂ ಫೋನಿಂದ ಕೊಟ್ಟಿದ್ರ ರಿಟರ್ನ್ ತಿದ್ದಿ ಹಾಕ್ತೇನಿ. ತಾರೀಖಿನ ಪ್ರಕಾರ ಹಚ್ಚಿ ಕೊಡ್ರಿ,” ಅಂದರು.

ಮೇಜಿನ ಮೇಲೆ ಒಂದೊಂದೇ ಸಾಲಾಗಿ ಜೋಡಿಸಿದೆ. ಮೊದಲನೆಯದು ಭಾಲ್ಕಿಯ ಡಾಕ್ಟರ ಚೀಟಿ: ಹೊಟ್ಟೆಯ ಸ್ಕ್ಯಾನ್ ತಕ್ಷಣ ಮಾಡಿಸಿ. ಅದರ ಮುಂದಿನದು ಬೀದರಿನ ಸ್ಕ್ಯಾನ್ ಬಿಲ್ಲು.

ಸಾಹೇಬರು ಎರಡೂ ತಾರೀಖಿನ ಮೇಲೆ ಪೆನ್ನು ಇಟ್ಟರು. “ನಡುವ ಒಂಬತ್ತು ದಿನದ ಬಿಲ್ ಕಳದಾವೇನ್ರಿ?”

“ಇಲ್ಲ,” ಅಂದೆ.

ಕಳೆದಿರಲಿಲ್ಲ. ಆ ಒಂಬತ್ತು ದಿನ ನಾನು ಸ್ಕ್ಯಾನಿನ ದರ ಮಾತಾಡುತ್ತಿದ್ದೆ. ಮೊದಲ ಕಡೆ ಏಳು ಸಾವಿರ ಅಂದಿದ್ದರು. “ಕ್ಯಾಶ್ ಕೊಟ್ರ ಎಷ್ಟು ಬಿಡ್ತೀರಿ?” ಅಂದೆ. ಬಿಡಲಿಲ್ಲ. ಎದ್ದು ಬಂದೆ, ಎದ್ದು ಬಂದರೆ ಕರೆಯುತ್ತಾರೆ ಎಂಬುದು ನನ್ನ ಇಷ್ಟು ವರ್ಷದ ಅನುಭವ. ಕರೆಯಲಿಲ್ಲ. ಬೇರೆ ಎರಡು ಕಡೆ ತಿರುಗಿದೆ. ಭಾಲ್ಕಿಯಲ್ಲಿ ತೋರಿಸಿಕೊಂಡು ಹೋದ ಅವ್ವ ಔರಾದ್ ಕಡೆಯ ಚಿಂತಾಕಿಯಲ್ಲಿ, ತಂಗಿಯ ಮನೆಯಲ್ಲಿ ಮಲಗಿದ್ದಳು.

“ಇನ್ನೆರಡು ದಿನ ತಡಿಯವ್ವಾ, ಕಮ್ಮಿ ಮಾಡ್ತಾರ,” ಎಂದು ಫೋನಿನಲ್ಲಿ ಹೇಳಿದ್ದೆ.

“ತಡೀತೀನೋ ಯಪ್ಪಾ. ನೀ ಬಿಸಲಾಗ ತಿರಗಬ್ಯಾಡ.”

ಕೊನೆಗೆ ಐದು ಸಾವಿರದ ಮುನ್ನೂರಕ್ಕೆ ಮಾಡಿಸಿದೆ. ವಾಪಸು ಹೋಗುವಾಗ ಜೀಪಿನಲ್ಲಿ ಅವ್ವ ಪಕ್ಕದ ಹೆಂಗಸಿಗೆ ಹೇಳಿದಳು: “ಹದಿನೇಳುನೂರು ಕಮ್ಮಿ ಮಾಡಿಸ್ಯಾನ ನೋಡವ್ವಾ ನನ್ನ ಮಗ. ಇವನ ಮುಂದ ಯಾರ ಆಟ ನಡೀತದ!” ನನಗೂ ಹೆಮ್ಮೆಯಾಗಿತ್ತು. ಎರಡು ತಿಂಗಳಿಗೆ ಅವ್ವ ಹೋದಳು.

ಒಂಬತ್ತು ದಿನ ಮೊದಲೇ ಮಾಡಿಸಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರನ್ನು ಕೇಳಿಲ್ಲ. ಕೇಳುವ ಧೈರ್ಯವಿಲ್ಲ. ಸಾಹೇಬರ ಮುಂದೆ ಬಿಲ್ಲುಗಳನ್ನು ಮತ್ತೆ ಚೀಲಕ್ಕೆ ತುಂಬಿಕೊಂಡೆ. ಒಂದೂ ಫೋನಿನಿಂದ ಕೊಟ್ಟದ್ದಿರಲಿಲ್ಲ.

ನಿಮಗೆ ಹೇಳುವುದಿಷ್ಟು. ನೀವು ಹಳೆಯ ತೆರಿಗೆ ಪದ್ಧತಿಯಲ್ಲಿದ್ದು, ತಂದೆತಾಯಿಗೆ ಅರವತ್ತು ದಾಟಿ, ಅವರಿಗೆ ವಿಮೆ ಇಲ್ಲದಿದ್ದರೆ, ಮಾತ್ರೆಯಿಂದ ಹಿಡಿದು ಎಲ್ಲವನ್ನೂ ಬ್ಯಾಂಕಿನ ಮೂಲಕವೇ ಕೊಡಿ. ಬಿಲ್ಲಿನ ಮೇಲೆ ಅವರ ಹೆಸರು ಬರೆಸಿ. ಚೌಕಾಸಿ ಮಾಡಬೇಡಿ ಅನ್ನಲಾರೆ, ನನ್ನಿಂದಲೇ ಅದನ್ನು ಬಿಡಲಾಗಿಲ್ಲ. ತಂತಿಗೆ ಮಾಡಿ, ಮೋಟರಿಗೆ ಮಾಡಿ. ಡಾಕ್ಟರು ತಕ್ಷಣ ಅಂತ ಬರೆದ ಚೀಟಿ ಕೈಗೆ ಬಂದ ದಿನ ಮಾತ್ರ, ಅವರು ಹೇಳಿದಷ್ಟು ಕೊಟ್ಟು ಅವತ್ತೇ ಒಳಗೆ ಕರೆದುಕೊಂಡು ಹೋಗಿ.